ಇಸ್ರೇಲ್ ಪರ ಪಾದ್ರಿಗಳು ಮತ್ತು ನಮ್ಮೂರ ಇಗರ್ಜಿ

ಗಾಝಾದ ಸುದ್ದಿ ಬಂದಾಗಲೆಲ್ಲ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಮಾತು ಓಡಾಡುತ್ತದೆ: 'ಕ್ರೈಸ್ತರೆಲ್ಲ ಇಸ್ರೇಲಿನ ಪರ' ಅಂತ. ಮಂಗಳೂರಿನಲ್ಲಾದರೆ ಪಕ್ಕದ ಮನೆಯ ಪೊರ್ಬುಗಳೇ ನಕ್ಕು ತಿದ್ದಿಯಾರು. ವ್ಯಾಪಾರಕ್ಕೆಂದು ಘಟ್ಟ ಹತ್ತಿ ಮುಧೋಳ, ಜಮಖಂಡಿ, ಬನಹಟ್ಟಿ ಕಡೆ ನೆಲೆಸಿದ ನಮ್ಮವರಿಗೆ ತಿದ್ದಲು ನೆರೆಯಲ್ಲಿ ಕ್ರೈಸ್ತರೇ ಕಮ್ಮಿ. ಆದರೆ ಅದೇ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ ಬಾಸೆಲ್ ಮಿಷನ್ 19ನೇ ಶತಮಾನದಲ್ಲೇ ನೇಕಾರರ ನಡುವೆ ನೆಲೆಯೂರಿತ್ತು. ಆ ಜನರನ್ನೂ ನಾವು ಒಂದೇ ಫಾರ್ವರ್ಡಿನಲ್ಲಿ ಶತ್ರುಗಳ ಪಟ್ಟಿಗೆ ಸೇರಿಸಿಬಿಡುತ್ತೇವೆ.

ಬಾಸೆಲ್ ಎಂದರೆ ನಮಗೆ ಹೆಂಚು, ಛಾಪಖಾನೆ, 1843ರ 'ಮಂಗಳೂರ ಸಮಾಚಾರ'. ಅದೇ ಊರಿನಲ್ಲಿ 1897ರಲ್ಲಿ ಮೊದಲ ಝಿಯೋನಿಸ್ಟ್ ಮಹಾಸಭೆ ನಡೆಯಿತು. ಮಿಷನ್ನಿಗೂ ಆ ಸಭೆಗೂ ಗಂಟು ಹಾಕಬೇಡಿ, ಊರು ಒಂದೇ ಅಷ್ಟೆ. ಆದರೆ ಆ ಸಭೆಗೆ ವಿಲಿಯಂ ಹೆಕ್ಲರ್ ಎಂಬ ಆಂಗ್ಲಿಕನ್ ಪಾದ್ರಿಯೂ ಹೋಗಿದ್ದ. ಹುಟ್ಟಿದ್ದು ನಮ್ಮ ಕಾಶಿಯಲ್ಲಿ, 1845ರಲ್ಲಿ, ಮಿಷನರಿಯ ಮಗನಾಗಿ! ಝಿಯೋನಿಸ್ಟ್ ನಾಯಕ ಹರ್ಜ್ಲ್‌ನಿಗೆ ಜರ್ಮನಿಯ ಅರಮನೆ ಬಾಗಿಲು ತೆರೆಸಿಕೊಟ್ಟವನು ಇವನೇ.

ಇವರ ನಂಬಿಕೆ ಏನೆಂದರೆ, ಯಹೂದಿಗಳು ಫೆಲೆಸ್ತೀನ್‌ಗೆ ಮರಳಿದರೆ ಮಾತ್ರ ಏಸು ಮತ್ತೆ ಬರುವ ದಾರಿ ಸಲೀಸು. 1909ರಲ್ಲಿ ಬಂದ ಸ್ಕೋಫೀಲ್ಡ್ ಬೈಬಲಿನ ಅಡಿಟಿಪ್ಪಣಿಗಳು ಇಂಥ ಓದನ್ನು ಅಮೆರಿಕದ ಮನೆಮನೆಗೆ ಹಂಚಿದವು. ಕೊನೆಗೆ ಏಸುವನ್ನು ಒಪ್ಪದ ಯಹೂದಿಗೆ ಇವರ ಲೆಕ್ಕದಲ್ಲಿ ಮೋಕ್ಷವಿಲ್ಲ. ಎಂಥ ಪ್ರೀತಿ ನೋಡಿ!

ಈ ನಂಬಿಕೆಯೇ ಇವತ್ತು ವೋಟು. ಪಾದ್ರಿ ಜಾನ್ ಹೇಗೀ 2006ರಲ್ಲಿ ಕಟ್ಟಿದ ಇಸ್ರೇಲ್ ಪರ ಸಂಘಟನೆ ತನಗೆ 1 ಕೋಟಿಗೂ ಹೆಚ್ಚು ಸದಸ್ಯರಿದ್ದಾರೆ ಅನ್ನುತ್ತದೆ. ಅಮೆರಿಕದ ಯಹೂದಿಗಳೇ ಸುಮಾರು 75 ಲಕ್ಷ. ಹಾಗಿರುವಾಗ ಅಲ್ಲಿನ ರಾಜಕಾರಣಿ ಯಾರ ಮುಖ ನೋಡುತ್ತಾನೆ? 2018ರ ಮೇ 14ರಂದು ಅಮೆರಿಕದ ರಾಯಭಾರ ಕಚೇರಿ ಜೆರುಸಲೇಮಿನಲ್ಲಿ ತೆರೆದಾಗ ಪ್ರಾರ್ಥನೆ ಹೇಳಿದವರಲ್ಲಿ ಹೇಗೀಯೂ ಒಬ್ಬರು. ಅದನ್ನು ಮಾಡಿದ್ದು ಇವಾಂಜೆಲಿಕಲ್‌ಗಳಿಗಾಗಿ ಎಂದು 2020ರಲ್ಲಿ ಟ್ರಂಪ್ ಬಹಿರಂಗ ಸಭೆಯಲ್ಲೇ ಹೇಳಿದರು. 2025ರಲ್ಲಿ ಇಸ್ರೇಲಿಗೆ ರಾಯಭಾರಿಯಾಗಿ ಹೋದ ಮೈಕ್ ಹಕಬೀ ಕೂಡ ಬ್ಯಾಪ್ಟಿಸ್ಟ್ ಪಾದ್ರಿಯೇ.

ಇವರು ಕ್ರೈಸ್ತರೆಲ್ಲರ ಪರವಾಗಿ ಮಾತಾಡುವವರಾ? ಜೆರುಸಲೇಮಿನ ಕ್ರೈಸ್ತರನ್ನೇ ಕೇಳಿ. ಅಲ್ಲಿನ ಕ್ಯಾಥೊಲಿಕ್, ಸಿರಿಯನ್ ಆರ್ಥೊಡಾಕ್ಸ್, ಆಂಗ್ಲಿಕನ್, ಲುಥೆರನ್ ಸಭೆಗಳ ಮುಖ್ಯಸ್ಥರು 2006ರ ಆಗಸ್ಟಿನಲ್ಲಿ ಒಟ್ಟಾಗಿ ಹೇಳಿಕೆ ಹೊರಡಿಸಿ, ಕ್ರೈಸ್ತ ಝಿಯೋನಿಸಂ ಸುಳ್ಳು ಬೋಧನೆ ಎಂದು ತಳ್ಳಿಹಾಕಿದ್ದಾರೆ. ಬಾಂಬು ಅವರ ಮೇಲೂ ಬಿದ್ದಿದೆ: 2023ರ ಅಕ್ಟೋಬರಿನಲ್ಲಿ ಗಾಝಾದ ಸೈಂಟ್ ಪೊರ್ಫಿರಿಯಸ್ ಇಗರ್ಜಿಯ ಆವರಣದಲ್ಲಿ ಆಶ್ರಯ ಪಡೆದಿದ್ದವರು ಸತ್ತರು. 2025ರ ಜುಲೈಯಲ್ಲಿ ಹೋಲಿ ಫ್ಯಾಮಿಲಿ ಇಗರ್ಜಿಗೂ ಶೆಲ್ ಬಡಿಯಿತು. ಪೋಪ್ ಫ್ರಾನ್ಸಿಸ್ ಬದುಕಿದ್ದಾಗ ಹೆಚ್ಚುಕಮ್ಮಿ ದಿನಾ ಸಂಜೆ ಫೋನ್ ಮಾಡಿ ವಿಚಾರಿಸುತ್ತಿದ್ದ ಇಗರ್ಜಿ ಅದು.

2023ರ ಕ್ರಿಸ್ಮಸ್‌ಗೆ ಬೆತ್ಲೆಹೇಮಿನಲ್ಲಿ ಗೋದಲಿಯ ಬದಲು ಕಾಂಕ್ರೀಟ್ ಚೂರುಗಳ ರಾಶಿಯಲ್ಲಿ, ಕೆಫಿಯಾ ಸುತ್ತಿದ ಕಂದ ಏಸುವನ್ನು ಮಲಗಿಸಿದ ಚಿತ್ರ ನಮ್ಮ ಫೋನುಗಳಿಗೂ ಬಂದಿತ್ತು. ನಾವೇ ಎಷ್ಟೋ ಜನ ಅದನ್ನು ಸ್ಟೇಟಸ್‌ಗೆ ಹಾಕಿಕೊಂಡೆವು. ಅದನ್ನು ಮಾಡಿದ್ದು ಪಾದ್ರಿ ಮುಂತರ್ ಐಸಾಕರ ಸಭೆ. ಅದರ ಹೆಸರು: ಇವಾಂಜೆಲಿಕಲ್ ಲುಥೆರನ್ ಕ್ರಿಸ್ಮಸ್ ಚರ್ಚ್.