ಕಾರ್ ಡಿಟೇಲಿಂಗ್ ದರ: ಅಗ್ಗದ ಪೈಪೋಟಿಯಲ್ಲಿ ನಮ್ಮ ದುಡಿಮೆಯ ಲೆಕ್ಕ



2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಕಾರು ಕೊಳ್ಳುವುದು ಹಗುರಾದಷ್ಟೂ ಅದನ್ನು ಚೊಕ್ಕಟವಾಗಿಡುವ ಕೆಲಸಕ್ಕೂ ಅವಕಾಶವಿದೆ. ಸಾಂಗ್ಲಿ, ಮಿರಜ, ಕುಪವಾಡಗಳಲ್ಲಿ ವಾರವಿಡೀ ನೌಕರಿ ಮಾಡಿ, ರಜೆಯ ದಿನ ಕಾರ್ ಡಿಟೇಲಿಂಗ್ ಮಾಡಬೇಕೆನ್ನುವ ನಮ್ಮ ತರುಣರು ಮೊದಲು ಕೇಳಬೇಕಾದ ಮಾತು ಒಂದೇ: "ಆಚೆ ರಸ್ತೆಯಲ್ಲಿ ಇದರ ಅರ್ಧಕ್ಕ ತೊಳೀತಾರಲ್ರೀ!"

ಕೂಡಲೇ ದರ ಇಳಿಸುವ ಮೊದಲು ಒಂದು ಲೆಕ್ಕ ಹಾಕೋಣ. ಕಾರಿನ ಒಳಭಾಗ ಪೂರ್ತಿ ಸ್ವಚ್ಛ ಮಾಡಲು ನಾಲ್ಕು ಗಂಟೆ ಬೇಕೆನ್ನೋಣ. ಶಾಂಪೂ, ಬಟ್ಟೆ, ಬ್ರಷ್‌ಗೆ 150 ರೂಪಾಯಿ. ನೀರು, ಕರೆಂಟು, ಓಡಾಟಕ್ಕೆ 100. ಯಂತ್ರದ ಸವಕಳಿಗೆ 50. ಒಟ್ಟು 300. ಪೈಪೋಟಿಗೆ ಬಿದ್ದು 500 ರೂಪಾಯಿಗೆ ಒಪ್ಪಿಕೊಂಡರೆ ಉಳಿಯುವುದು 200, ಅಂದರೆ ಗಂಟೆಗೆ 50. ಗಂಟೆಗೆ 150 ಆದರೂ ಸಿಗಬೇಕೆಂದರೆ ದರ 900 ಇರಲೇಬೇಕು. ಈ ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಅಂಕಿ ನೀವೇ ಹಾಕಿಕೊಳ್ಳಿ.

ಅರೆಕಾಲಿಕರಾದ ನಾವು ತಪ್ಪುವುದು ಇಲ್ಲಿಯೇ. ಸಂಬಳ ಬೇರೆ ಕಡೆಯಿಂದ ಬರುವುದರಿಂದ ನಮ್ಮ ದುಡಿಮೆಗೆ ಬೆಲೆಯನ್ನೇ ಹಾಕಿಕೊಳ್ಳುವುದಿಲ್ಲ. ಯಂತ್ರ ಕೆಟ್ಟ ದಿನ ರಿಪೇರಿಗೆ ಸಂಬಳದ ದುಡ್ಡೇ ಹೋಗುತ್ತದೆ. ಇದರಿಂದಲೇ ಹೊಟ್ಟೆ ಹೊರೆಯುವ ರಸ್ತೆಬದಿಯ ತೊಳೆಯುವವನ ಗಿರಾಕಿಯನ್ನೂ ನಾವು ಕಿತ್ತುಕೊಂಡಂತಾಗುತ್ತದೆ. ಅವನು ನಮ್ಮ ವೈರಿಯಲ್ಲ. ಅವನದು ಅರ್ಧ ಗಂಟೆಯ ಕೆಲಸ, ನಮ್ಮದು ನಾಲ್ಕು ಗಂಟೆಯದು. ಎರಡಕ್ಕೂ ಒಂದೇ ದರ ಹೇಗಾದೀತು?

ಸಾಂಗ್ಲಿಯ ಅರಿಶಿನ ಪೇಟೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಬಣ್ಣ, ಒಣಗಿದ ಹದ ನೋಡಿಯೇ ಸವಾಲು ಕೂಗುತ್ತಾರೆ. ಎಲ್ಲ ಚೀಲಕ್ಕೂ ಒಂದೇ ಬೆಲೆ ಇಲ್ಲ. ಹಾಗೆಯೇ ನಾವೂ ಕೆಲಸವನ್ನು ತೋರಿಸಿ ದರ ಹೇಳಬೇಕು. ಬಟ್ಟೆ ಸೋಪಿನ ಪುಡಿಯಿಂದ ತೊಳೆದರೆ ಕಾರಿನ ವ್ಯಾಕ್ಸ್ ಹೋಗುತ್ತದೆ. ಮಣ್ಣು ಹತ್ತಿದ ಬಟ್ಟೆಯಿಂದ ಒರೆಸಿದರೆ ಬಣ್ಣದ ಮೇಲೆ ಗೀರು ಬೀಳುತ್ತದೆ. ಗಡಸು ಬೋರ್ ನೀರು ಹಾಗೆಯೇ ಒಣಗಿದರೆ ಬಿಳಿ ಕಲೆ ಉಳಿಯುತ್ತದೆ. 2019 ಮತ್ತು 2021ರ ಕೃಷ್ಣಾ ಮಹಾಪೂರ ಕಂಡ ಊರಿದು. ನೆರೆಯ ಕೆಸರು ಹೊಕ್ಕ ಕಾರಿನ ಸೀಟು ಬರೀ ಪೈಪಿನ ನೀರಿಗೆ ಸ್ವಚ್ಛವಾಗದು ಎಂಬುದನ್ನು ಇಲ್ಲಿಯವರಿಗೆ ತಿಳಿಸಿ ಹೇಳುವುದು ಕಷ್ಟವಲ್ಲ.

ತೆರಿಗೆಯ ಮಾತೂ ಒಂದಿದೆ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ರೂಪಾಯಿ ದಾಟದವರಿಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ನೋಂದಾಯಿತ ದೊಡ್ಡ ಅಂಗಡಿಯ 1,000 ರೂಪಾಯಿ ಕೆಲಸ ಶೇ. 18 ತೆರಿಗೆ ಸೇರಿ 1,180 ಆಗುತ್ತದೆ. ನಾವು ತೆರಿಗೆ ಹಚ್ಚುವಂತಿಲ್ಲ. ಕೊಂಡ ಸಾಮಾನಿನ ಮೇಲೆ ಕೊಟ್ಟ ತೆರಿಗೆ ಮರಳಿ ಸಿಗುವುದೂ ಇಲ್ಲ. ಆದರೂ ಅಂಗಡಿ ಬಾಡಿಗೆ ಇಲ್ಲದ ನಮಗೆ ದೊಡ್ಡವರಿಗಿಂತ ಕಡಿಮೆ ದರ ಇಡುವುದು ಸಾಧ್ಯ. ನಮ್ಮ ಹೋಲಿಕೆ ಅವರ ಜೊತೆಗಿರಲಿ.

ಕಾಗವಾಡ, ಅಥಣಿ ಕಡೆಯಿಂದ ಮಿರಜಿನ ದವಾಖಾನೆಗಳಿಗೆ ಬರುವವರ ಕಾರು ಗಂಟೆಗಟ್ಟಲೆ ನಿಂತಿರುತ್ತದೆ. ಅವರಿಗೆ ಕನ್ನಡದಲ್ಲಿ, ಇಲ್ಲಿಯವರಿಗೆ ಮರಾಠಿಯಲ್ಲಿ, ಯಾವ ಕೆಲಸಕ್ಕೆ ಎಷ್ಟು ಎಂದು ಬರೆದ ದರಪಟ್ಟಿ ಕೈಗಿಡಿ. ಚೌಕಾಶಿ ಬಂದರೆ ಕೆಲಸದಲ್ಲಿ ಒಂದು ಬಾಬು ಕಡಿಮೆ ಮಾಡಿ, ಗಂಟೆಯ ಕೂಲಿ ಮಾತ್ರ ಇಳಿಸಬೇಡಿ.

ಅಗ್ಗದ ಆಸೆಗೆ ಮುಗ್ಗಲು ಜೋಳ ಕೊಂಡವರ ಗಾದೆ ನಮಗೆ ಗೊತ್ತೇ ಇದೆ. ಅಗ್ಗಕ್ಕೆ ಮಾರಿ ಕೈಸುಟ್ಟುಕೊಂಡವರ ಸಾಲಿಗೂ ನಾವು ಸೇರುವುದು ಬೇಡ.