ಓಮದ ಗಂಟು, ಮೀನಿನ ಗಂಟು

ತಾತನ ಜಗಲಿ

ಮಕ್ಕಳೇ, ಮಕ್ಕಳ ಅಜ್ಜ ಅಜ್ಜಿಯರೇ,

ದಸರಾ ರಜೆಯ ಒಂದು ಭಾನುವಾರ ಬೆಳಿಗ್ಗೆ ಆರೂವರೆಗೆ ಫೋನ್ ಬಡಿದುಕೊಂಡಿತು. ಇಷ್ಟು ಬೇಗ ಫೋನ್ ಮಾಡುವವರು ನಮ್ಮ ಮನೆಗೆ ಒಬ್ಬರೇ, ಕೆನಡಾದಲ್ಲಿರುವ ಮಗಳು. ಅಲ್ಲಿ ಆಗ ಶನಿವಾರ ರಾತ್ರಿ ಒಂಬತ್ತು ಗಂಟೆ. ಆದರೆ ತೆರೆಯ ಮೇಲೆ ಕಂಡದ್ದು ಮಗಳಲ್ಲ, ಹತ್ತು ವರ್ಷದ ಮೊಮ್ಮಗ. ಊಟದ ಮೇಜಿನ ತುಂಬ ಬಲೆ ಬಟ್ಟೆಯ ತುಂಡು, ದಾರ, ಒಂದು ಡಬ್ಬಿ.

"ತಾತ, ಇದೇನು ಹೇಳಿ ನೋಡೋಣ?" ಅಂತ ಒಂದು ಪುಟ್ಟ ಗಂಟನ್ನು ಕ್ಯಾಮೆರಾಕ್ಕೆ ಹಿಡಿದ. ಕಿತ್ತಳೆ ಬಣ್ಣ, ಸಣ್ಣ ನೆಲ್ಲಿಕಾಯಿಯಷ್ಟು ಗಾತ್ರ.

ನಾನು ಹೇಳುವ ಮೊದಲೇ ಹಿಂದಿನಿಂದ ಮಗಳ ಕೂಗು ಕೇಳಿಸಿತು. "ಅಪ್ಪ, ಫ್ರಿಡ್ಜಲ್ಲಿ ಮೊಸರಿನ ಪಕ್ಕದಲ್ಲೇ ಮೀನಿನ ಮೊಟ್ಟೆ ಇಟ್ಟಿದ್ದಾನೆ. ನೀವಾದ್ರೂ ಒಂದು ಮಾತು ಹೇಳಿ!"

ವಿಷಯ ಇದು. ಅವರಿರುವ ಒಂಟಾರಿಯೊ ಸರೋವರದ ಸುತ್ತ ಹಲವು ಸಣ್ಣ ನದಿಗಳಿವೆ. ಚಳಿಗಾಲಕ್ಕೆ ಮುಂಚೆ ಸಾಲ್ಮನ್ ಮೀನುಗಳು ಸರೋವರದಿಂದ ಹೊಳೆಗೆ ಹತ್ತಿ ಬಂದು, ಜಲ್ಲಿಕಲ್ಲಿನ ನಡುವೆ ಗುಳಿ ತೋಡಿ ಮೊಟ್ಟೆ ಇಡುತ್ತವೆ. ಕೆಲವು ಮೊಟ್ಟೆ ನೀರಿನ ಸೆಳೆತಕ್ಕೆ ಸಿಕ್ಕಿ ತೇಲಿಹೋಗುತ್ತವೆ. ಅದನ್ನು ತಿನ್ನಲೆಂದೇ ಟ್ರೌಟ್ ಮೀನುಗಳು ಕೆಳಗೆ ಕಾಯುತ್ತಿರುತ್ತವೆ. ಹಾಗಾಗಿ ಟ್ರೌಟ್ ಹಿಡಿಯಬೇಕಾದವರು ಗಾಳಕ್ಕೆ ಸಾಲ್ಮನ್ ಮೊಟ್ಟೆಯನ್ನೇ ಸಿಕ್ಕಿಸುತ್ತಾರೆ.

ಆದರೆ ಮೀನಿನ ಮೊಟ್ಟೆ ಬಟಾಣಿ ಕಾಳಿನಷ್ಟು ಗಾತ್ರದ ನೀರಿನ ಗುಳ್ಳೆಯಂತೆ. ಮುಳ್ಳು ಚುಚ್ಚಿದರೆ ಒಡೆಯುತ್ತದೆ, ಒಡೆಯದಿದ್ದರೆ ಜಾರಿ ಬೀಳುತ್ತದೆ. ಅದಕ್ಕೇ ಗಂಟು. ಮೊಮ್ಮಗ ಕಟ್ಟಿ ತೋರಿಸಿದ. ಸುಮಾರು ಮೂರು ಇಂಚಿನ ಚೌಕ ಬಲೆ ಬಟ್ಟೆಯನ್ನು ಅಂಗೈಯಲ್ಲಿ ಹರಡಿ, ಉಪ್ಪು ಹಾಕಿ ಸ್ವಲ್ಪ ಗಟ್ಟಿ ಮಾಡಿಟ್ಟ ಮೊಟ್ಟೆಗಳನ್ನು ನಡುವೆ ಇಟ್ಟ. ನೀರು ತಿಳಿಯಾಗಿದ್ದರೆ ನಾಲ್ಕೈದು ಸಾಕು, ಬಗ್ಗಡವಾಗಿದ್ದರೆ ಹೆಚ್ಚು ಬೇಕಂತೆ. ನಾಲ್ಕು ಮೂಲೆ ಒಟ್ಟುಗೂಡಿಸಿ ಒಂದು ಸುತ್ತು ತಿರುಚಿದ. ಕುತ್ತಿಗೆಗೆ ಎಳೆದರೆ ಹಿಗ್ಗುವ ತೆಳು ದಾರವನ್ನು ಏಳೆಂಟು ಸುತ್ತು ಸುತ್ತಿ ಜಗ್ಗಿ ಹರಿದ. ಆ ದಾರ ತನಗೆ ತಾನೇ ಕಚ್ಚಿಕೊಳ್ಳುತ್ತದೆ, ಗಂಟು ಹಾಕುವ ಕೆಲಸವೇ ಇಲ್ಲ. ಮಿಕ್ಕ ಬಟ್ಟೆಯನ್ನು ಕತ್ತರಿಸಿದ. ಮುಗಿಯಿತು.

"ತುಂಬ ಬಿಗಿ ಕಟ್ಟಿದರೆ ಮೊಟ್ಟೆ ಒಡೆಯುತ್ತೆ ತಾತ. ಸಡಿಲ ಆದರೆ ಮೀನು ಎಳೆದಾಗ ಬಿಚ್ಚಿಹೋಗುತ್ತೆ" ಅಂದ, ದೊಡ್ಡ ಮೇಸ್ತ್ರಿಯ ಹಾಗೆ.

ಆರನೇ ಕ್ಲಾಸಿನ ನಮ್ಮ ಪುಟ್ಟಿ, ಮಗನ ಮಗಳು, ಪಕ್ಕದಲ್ಲಿ ಕಣ್ಣುಜ್ಜಿಕೊಳ್ಳುತ್ತ ಕೂತಿದ್ದಳು. "ಬಟ್ಟೆ ಒಳಗಿದ್ರೆ ಮೀನಿಗೆ ಹೇಗೆ ಗೊತ್ತಾಗುತ್ತೆ?" ಅಂದಳು.

ಉತ್ತರ ಕೊಟ್ಟಿದ್ದು ಅಡುಗೆಮನೆಯಿಂದ ಬಂದ ನಮ್ಮ ಅಜ್ಜಿ. "ನಿನಗೆ ಮೂಗು ಕಟ್ಟಿದಾಗ ಓಮದ ಕಾಳು ಬಿಸಿ ಮಾಡಿ ಬಟ್ಟೇಲಿ ಗಂಟು ಕಟ್ಟಿ ಕೊಡ್ತೀನಲ್ಲ, ಕಾಳು ಹೊರಗೆ ಬರುತ್ತಾ? ಘಾಟು ಮಾತ್ರ ಬರುತ್ತೆ. ಇದೂ ಅಷ್ಟೇ."

ನಿಜವಾಗಿ ಅಷ್ಟೇ ಮಕ್ಕಳೇ! ಸಾಮಾನು ಒಳಗೆ ಉಳಿಯಬೇಕು, ರಸ ಹೊರಗೆ ಇಳಿಯಬೇಕು. ನೀರಿನಲ್ಲಿ ಆ ರಸ ಹರಡಿಕೊಂಡು ಹೋಗಿ ಮೀನಿಗೆ ಸುದ್ದಿ ಮುಟ್ಟಿಸುತ್ತದೆ. ಕೆಲವು ಕಡೆ ಮೀನು ಸಾಕುವ ಹೊಂಡಗಳಲ್ಲೂ ಇದೇ ಉಪಾಯ ಇದೆ. ತವುಡು, ಕಡಲೆಕಾಯಿ ಹಿಂಡಿ ತುಂಬಿದ ತೂತಿನ ಚೀಲಗಳನ್ನು ನೀರಿಗೆ ಇಳಿಬಿಡುತ್ತಾರೆ. ಮೀನು ಬಂದು ತೂತಿಗೆ ಬಾಯಿಟ್ಟು ತಿನ್ನುತ್ತದೆ. ಮೇವು ಚೆಲ್ಲಿ ಹಾಳಾಗುವುದಿಲ್ಲ.

"ತಾತ, ನೀವು ಚಿಕ್ಕವರಾಗಿದ್ದಾಗ ಏನು ಹಾಕ್ತಿದ್ರಿ?" ಅಂತ ಮೊಮ್ಮಗ ಕೇಳಿದ.

ಇಲ್ಲಿಂದ ನನ್ನ ಬಡಾಯಿ ಶುರುವಾಯಿತು.

ಗಾಳದ ಮುಳ್ಳಿಗೆ ಸಿಕ್ಕಿಸುವ ಆಹಾರಕ್ಕೆ ಕನ್ನಡದಲ್ಲಿ ಎರೆ ಅನ್ನುತ್ತಾರೆ. ನಮಗೆ ಸುಲಭವಾಗಿ ಸಿಗುತ್ತಿದ್ದ ಎರೆ ಎರೆಹುಳುವೇ. ಅರವತ್ತರ ದಶಕದಲ್ಲಿ ನಾಯಂಡಹಳ್ಳಿ ನಿಜವಾಗಿ ಹಳ್ಳಿ. ಮೈಸೂರು ರಸ್ತೆಯ ಆಚೆ ಈಚೆ ಹೊಲಗದ್ದೆ, ಪಕ್ಕದಲ್ಲಿ ವೃಷಭಾವತಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಬಳಿ ಹುಟ್ಟಿದ ನದಿ ಎಂಬ ನಂಬಿಕೆ, ಅದಕ್ಕೇ ಆ ಹೆಸರು. ತಿಪ್ಪೆಯ ಪಕ್ಕ ಅಗೆದು ಎರೆಹುಳು ತೆಂಗಿನ ಚಿಪ್ಪಿಗೆ ತುಂಬಿಕೊಂಡು, ಬಿದಿರು ಕಡ್ಡಿ, ದಾರ, ಜೋಳದ ದಂಟಿನ ಬೆಂಡು ಹಿಡಿದು ಹೊರಟರೆ ಸಂಜೆಗೆ ಒಂದು ದಾರದ ತುಂಬ ಸಾಸಲು ಮೀನು. ಅಪರೂಪಕ್ಕೆ ಒಂದು ಕೊರವ. ಹುಳು ಸಿಗದ ದಿನ ಅಮ್ಮನ ಕಣ್ಣು ತಪ್ಪಿಸಿ ರಾಗಿಮುದ್ದೆಯ ಚೂರು. ಅದು ನೀರಿನಲ್ಲಿ ಕರಗಿಹೋಗದಂತೆ ಒಂದಿಷ್ಟು ಹತ್ತಿ ಬೆರೆಸಿ ನಾದುತ್ತಿದ್ದೆವು. ನಮ್ಮ ಬಲೆ ಬಟ್ಟೆ ಅದೇ.

ರಾಗಿಯ ಮಾತು ಬಂದಮೇಲೆ ಕಾವೇರಿಯ ಮಾತು ಬಾರದೆ ಇರುತ್ತದೆಯೇ? ಸಂಗಮ, ಗಾಳಿಬೋರೆ, ಭೀಮೇಶ್ವರಿಯ ಮಡುಗಳಲ್ಲಿ ಮಹಶೀರ್ ಎಂಬ ದೊಡ್ಡ ಮೀನಿದೆ. ಅದನ್ನು ಹಿಡಿಯಲು ದೇಶವಿದೇಶದವರು ಬರುತ್ತಿದ್ದ ಕಾಲವಿತ್ತು. ಅವರ ಹೊಳೆಯುವ ಗಾಳದ ತುದಿಗೆ ನಮ್ಮ ಹೊಳೆಯಂಚಿನ ಹಳ್ಳಿಯವರು ಕಟ್ಟುತ್ತಿದ್ದುದು ರಾಗಿ ಉಂಡೆ! ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಉಂಡೆ ಮಾಡಿ ನೀರಿನಲ್ಲಿ ಬೇಯಿಸಿ, ಮತ್ತೆ ನಾದಿ, ನಿಂಬೆಹಣ್ಣಿನಷ್ಟೋ ಇನ್ನೂ ದೊಡ್ಡದೋ ಮಾಡಿ ಮುಳ್ಳಿನ ಸುತ್ತ ಒತ್ತುತ್ತಾರೆ. ಬೆಂದ ರಾಗಿ ಬಿಗಿಯಾಗಿ ನಿಲ್ಲುತ್ತದೆ. ಸಣ್ಣ ಮೀನು ಕುಟುಕಿದರೂ ಬೇಗ ಕರಗುವುದಿಲ್ಲ. ಮಹಶೀರಿಗೆ ಬಾಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ಆದರೂ ಏಡಿಯನ್ನೂ ಕಾಯಿಯನ್ನೂ ಪುಡಿ ಮಾಡಿ ನುಂಗುತ್ತದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 120 ಪೌಂಡಿನ ಮಹಶೀರ್ ಹಿಡಿದರು. ಅಂದರೆ ಸುಮಾರು 54 ಕೆಜಿ, ಅಕ್ಕಿಯ 25 ಕೆಜಿ ಮೂಟೆ ಎರಡಕ್ಕಿಂತ ಹೆಚ್ಚು.

ಮೊಮ್ಮಗನ ಬಾಯಿ ತೆರೆದೇ ಇತ್ತು. "ತಾತ, ಡಿಸೆಂಬರಲ್ಲಿ ಬರ್ತೀನಲ್ಲ, ನಿಮ್ಮ ನದೀಲಿ ಹಿಡಿಯೋಣ. ನಾನು ಬಲೆ ಬಟ್ಟೆ ತರ್ತೀನಿ, ನೀವು ರಾಗಿ ಉಂಡೆ ಮಾಡಿ!"

"ಆಗಲಿ ಕಂದ" ಅಂದುಬಿಟ್ಟೆ.

ಫೋನ್ ಇಟ್ಟಮೇಲೆ ಪುಟ್ಟಿ ನನ್ನನ್ನೇ ನೋಡುತ್ತಿದ್ದಳು.

"ಯಾವ ನದಿ ತಾತ? ಆ ಮೋರಿನಾ?"

ನನಗೆ ಮಾತು ಹೊರಡಲಿಲ್ಲ. ಅವಳು ಹುಟ್ಟಿದಾಗಿನಿಂದ ಕಂಡದ್ದು ಕಪ್ಪು ನೀರು, ಬಿಳಿ ನೊರೆ, ಮೆಟ್ರೊ ನಿಲ್ದಾಣದ ಮೆಟ್ಟಿಲು ಹತ್ತುವಾಗ ಮೂಗಿಗೆ ಬಡಿಯುವ ವಾಸನೆ. ಅದಕ್ಕೆ ನದಿಯ ಹೆಸರಿದೆ ಎಂದು ನಾನೇ ಅವಳಿಗೆ ಸರಿಯಾಗಿ ಹೇಳಿರಲಿಲ್ಲ. ಅಲ್ಲಿರುವ ಮೊಮ್ಮಗನಿಗೆ ನದಿ ಇತ್ತು, ಮೋರಿ ಇರಲಿಲ್ಲ. ಇಲ್ಲಿರುವ ಮೊಮ್ಮಗಳಿಗೆ ಮೋರಿ ಇತ್ತು, ನದಿ ಇರಲಿಲ್ಲ. ಇಬ್ಬರಿಗೂ ಅರ್ಧ ಅರ್ಧ ಹೇಳಿದವನು ನಾನೇ.

ತಿಂಡಿ ಆದಮೇಲೆ ಪುಟ್ಟಿ ಹಳೆಯ ಸೊಳ್ಳೆಪರದೆಯ ತುಂಡಿನಲ್ಲಿ ರಾಗಿಹಿಟ್ಟಿನ ಗಂಟು ಕಟ್ಟಿಕೊಂಡು ಬಂದಳು. "ನಡೀರಿ, ಹಾಕಿ ನೋಡೋಣ. ಮೀನು ಇದೆಯೋ ಇಲ್ಲವೋ ಗೊತ್ತಾಗುತ್ತಲ್ಲ." ಇಬ್ಬರೂ ಸೇತುವೆಯ ಮೇಲೆ ನಿಂತೆವು. ಅವಳು ಒಂದು ಕೈಯಲ್ಲಿ ಮೂಗು ಮುಚ್ಚಿಕೊಂಡು, ಇನ್ನೊಂದು ಕೈಯನ್ನು ಕಟಾಂಜನದ ಆಚೆ ಚಾಚಿದಳು. ಆದರೆ ಗಂಟು ಬಿಡಲಿಲ್ಲ.

"ತಾತ, ಇದು ಎಲ್ಲಿಗೆ ಹೋಗುತ್ತೆ?"

ಹೇಳಿದೆ. ಇಲ್ಲಿಂದ ಕೆಂಗೇರಿ ಕಡೆಗೆ, ಅಲ್ಲಿಂದ ಬಿಡದಿ ಬಳಿಯ ಬೈರಮಂಗಲ ಜಲಾಶಯಕ್ಕೆ. ಅಲ್ಲಿಯ ರೈತರು ಈ ನೀರಿನಲ್ಲೇ ಬೆಳೆ ತೆಗೆಯುತ್ತಾರೆ. ಮುಂದೆ ಕನಕಪುರದ ಸೀಮೆಯಲ್ಲಿ ಅರ್ಕಾವತಿಗೆ ಸೇರುತ್ತದೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ.

"ಅಂದ್ರೆ ಮಹಶೀರ್ ಇರೋ ಕಡೆಗೇ?"

"ಹೌದು."

ಅವಳು ಗಂಟನ್ನು ಜೇಬಿಗೆ ಹಾಕಿಕೊಂಡಳು. "ಸೊಳ್ಳೆಪರದೆ ಪ್ಲಾಸ್ಟಿಕ್ಕು" ಅಂದಳು.

ಮುಂದಿನ ಭಾನುವಾರ ನಾನೇ ಫೋನ್ ಮಾಡಿದೆ. ಕಂದ, ತಾತ ಹೇಳಿದ್ದು ಸುಳ್ಳಲ್ಲ, ಆದರೆ ಹಳೆಯದು, ಅಂತ ಶುರು ಮಾಡಿ ಎಲ್ಲ ಹೇಳಿದೆ. ಊರು ಬೆಳೆಯಿತು, ಪಶ್ಚಿಮ ಬೆಂಗಳೂರಿನ ಮನೆಗಳ ಕೊಳಚೆ, ಕಾರ್ಖಾನೆಗಳ ನೀರು ಎಲ್ಲ ಈ ನದಿಗೆ ಇಳಿಯಿತು. ನಮ್ಮ ನಾಯಂಡಹಳ್ಳಿಯಲ್ಲೇ ನೀರು ಶುದ್ಧೀಕರಿಸುವ ಘಟಕ ಇದೆ, ಆದರೆ ಬರುವ ಕೊಳಚೆಯೆಲ್ಲ ಅದರ ಮೂಲಕ ಹಾಯುವುದಿಲ್ಲ. ಕಾವೇರಿ ವನ್ಯಜೀವಿ ಧಾಮದೊಳಗೆ ಈಗ ಗಾಳ ಹಾಕುವಂತಿಲ್ಲ. ಕಾವೇರಿ ಕೊಳ್ಳ ಬಿಟ್ಟರೆ ಬೇರೆಲ್ಲೂ ಇಲ್ಲದ, ಕಿತ್ತಳೆ ರೆಕ್ಕೆಯ ಗೂನುಬೆನ್ನಿನ ಮಹಶೀರ್ ಅಳಿವಿನ ಅಂಚಿನಲ್ಲಿದೆ. 2018ರಲ್ಲಷ್ಟೇ ವಿಜ್ಞಾನಿಗಳು ಅದರ ಸರಿಯಾದ ಹೆಸರು, ಟಾರ್ ರೆಮಾದೇವಿ ಎಂದು ಗುರುತಿಸಿದರು. ಅದೇ ವರ್ಷ ಅದು ಜಗತ್ತಿನ ಕೆಂಪು ಪಟ್ಟಿಯಲ್ಲಿ ಅತ್ಯಂತ ಹೆಚ್ಚಿನ ಅಪಾಯದ ಸಾಲಿಗೆ ಸೇರಿತು. ಸಿಡಿಮದ್ದು ಹಾಕಿ ಮೀನು ಹಿಡಿಯುವುದು, ಅಣೆಕಟ್ಟು, ಕೆಟ್ಟ ನೀರು ಇವೆಲ್ಲ ಕಾರಣ. ಇನ್ನೊಂದು ಕಾರಣ ಕೇಳಿದರೆ ಆಶ್ಚರ್ಯವಾದೀತು. ಒಳ್ಳೆಯದಾಗಲೆಂದೇ ಬೇರೆ ಜಾತಿಯ, ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಸಾಕಿ ಕಾವೇರಿಗೆ ಬಿಟ್ಟರು. ಅವು ಹೆಚ್ಚಿದವು, ಇಲ್ಲಿಯದು ಕಡಿಮೆಯಾಯಿತು.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಅಳುತ್ತಾನೇನೋ ಅಂದುಕೊಂಡೆ.

"ತಾತ, ಇಲ್ಲೂ ಹಾಗೇ ಆಗಿತ್ತು. ಸ್ಕೂಲಲ್ಲಿ ಹೇಳಿದಾರೆ" ಅಂದ.

ಅವನು ಹೇಳಿದ್ದು ನಿಜ. ಒಂಟಾರಿಯೊ ಸರೋವರದಲ್ಲಿ ಮೊದಲು ಬೇರೆಯೇ ಸಾಲ್ಮನ್ ಇತ್ತು, ಅಟ್ಲಾಂಟಿಕ್ ಸಾಲ್ಮನ್. ಗಿರಣಿಗಳಿಗೆಂದು ಹೊಳೆಗಳಿಗೆ ಅಡ್ಡಕಟ್ಟೆ ಕಟ್ಟಿದರು, ಕಾಡು ಕಡಿದರು, ಮಿತಿ ಇಲ್ಲದೆ ಹಿಡಿದರು. 1900 ಬರುವುದರೊಳಗೆ ಆ ಸರೋವರದಲ್ಲಿ ಅದು ಒಂದೂ ಉಳಿಯಲಿಲ್ಲ. ಈಗ ಮೊಮ್ಮಗ ಯಾವ ಸಾಲ್ಮನ್ನಿನ ಮೊಟ್ಟೆ ಗಂಟು ಕಟ್ಟುತ್ತಿದ್ದಾನೋ, ಅದು 1960ರ ದಶಕದ ಕೊನೆಯಿಂದ ಪೆಸಿಫಿಕ್ ಸಾಗರದ ಕಡೆಯಿಂದ ತಂದು ಬಿಟ್ಟ ಜಾತಿ. ಕಳೆದುಹೋದ ಹಳೆಯ ಮೀನನ್ನು ಮರಳಿ ತರಲು ಅವರು ಇವತ್ತಿಗೂ ಮರಿ ಬಿಡುತ್ತ, ಹೊಳೆ ಸರಿಪಡಿಸುತ್ತ ಕೂತಿದ್ದಾರೆ. ನೀರು ಸರಿಯಾದರೆ ಮೀನು ಬಂದೀತು, ಆದರೆ ಹೋದದ್ದೇ ಬರುತ್ತದೆ ಎನ್ನುವ ಹಾಗಿಲ್ಲ. ಇರುವಾಗಲೇ ಉಳಿಸಿಕೊಳ್ಳುವುದು ಸುಲಭ.

"ಹಾಗಾದರೆ ಡಿಸೆಂಬರಲ್ಲಿ ಶೃಂಗೇರಿಗೆ ಹೋಗೋಣ" ಅಂದೆ. "ತುಂಗಾ ನದಿಯ ಮೆಟ್ಟಿಲ ಮೇಲೆ ಕೂತು ಪುರಿ ಹಾಕಿದರೆ ದೊಡ್ಡ ದೊಡ್ಡ ಮೀನು ಕಾಲ ಬುಡಕ್ಕೇ ಬರುತ್ತವೆ. ಅಲ್ಲಿ ಯಾರೂ ಹಿಡಿಯುವುದಿಲ್ಲ. ಗಾಳವೂ ಬೇಡ, ಗಂಟೂ ಬೇಡ."

"ಸರಿ ತಾತ. ಆದರೆ ಮೊದಲು ನಿಮ್ಮ ನದಿ ನೋಡಬೇಕು."

"ಚೆನ್ನಾಗಿಲ್ಲ ಕಂದ."

"ಪರವಾಗಿಲ್ಲ, ನಾನು ತೋರಿಸ್ತೀನಿ" ಅಂದಳು ಪುಟ್ಟಿ, ನನ್ನ ಕೈಯಿಂದ ಫೋನ್ ಕಿತ್ತುಕೊಂಡು. "ಅದರ ಹೆಸರು ವೃಷಭಾವತಿ. ಅದು ಮಹಶೀರ್ ಹತ್ರ ಹೋಗುತ್ತೆ, ಗೊತ್ತಾ?"

ಈ ವಾರದ ಕೆಲಸ: ಮಕ್ಕಳೇ, ಎರಡು ಗಾಜಿನ ಲೋಟದಲ್ಲಿ ನೀರು ತೆಗೆದುಕೊಳ್ಳಿ. ಒಂದಕ್ಕೆ ಒಂದು ಚಮಚ ರಾಗಿಹಿಟ್ಟನ್ನು ಹಾಗೇ ಹಾಕಿ. ಇನ್ನೊಂದಕ್ಕೆ ಅಷ್ಟೇ ಹಿಟ್ಟನ್ನು ತೆಳು ಹತ್ತಿಬಟ್ಟೆಯಲ್ಲಿ ಗಂಟು ಕಟ್ಟಿ ಇಳಿಬಿಡಿ. ಹತ್ತು ನಿಮಿಷ ಅಲುಗಿಸದೆ ನೋಡಿ. ಯಾವುದರಲ್ಲಿ ಹಿಟ್ಟು ತಳಕ್ಕೆ ಕೂತಿತು, ಯಾವುದರಲ್ಲಿ ನಿಧಾನವಾಗಿ ಹೊರಗೆ ಇಳಿಯಿತು ಎಂದು ಬರೆದಿಡಿ. ಆಮೇಲೆ ಆ ನೀರನ್ನು ಗಿಡಕ್ಕೆ ಹಾಕಿ. ಕೆರೆ ಹೊಳೆಯ ಹತ್ತಿರ ದೊಡ್ಡವರಿಲ್ಲದೆ ಹೋಗಬೇಡಿ.

ಅಜ್ಜ ಅಜ್ಜಿಯರಿಗೂ ಒಂದು ಕೆಲಸ. ನಿಮ್ಮ ಮನೆಯ ಹತ್ತಿರದ ಮೋರಿಗೆ ಹಿಂದೆ ಏನು ಹೆಸರಿತ್ತು, ಅದರಲ್ಲಿ ಯಾವ ಮೀನಿತ್ತು, ನೀವು ಯಾವ ಎರೆ ಹಾಕುತ್ತಿದ್ದಿರಿ ಎಂದು ಮೊಮ್ಮಕ್ಕಳಿಗೆ ಹೇಳಿ. ಆಮೇಲೆ ಏನಾಯಿತು ಎಂಬುದನ್ನೂ ಹೇಳಿ. ನನ್ನ ಹಾಗೆ ಅರ್ಧಕ್ಕೆ ನಿಲ್ಲಿಸಬೇಡಿ.

ಮುಂದಿನ ವಾರ ಜಗಲಿಯಲ್ಲಿ ಸಿಗೋಣ.

ನಿಮ್ಮ ತಾತ