ನನ್ನ ರೂಮಿನ ಬದನೆಕಾಯಿ, ಭಾಗ 4: ಫೋಟೋದಲ್ಲಿ ಕಾಣದ ಲೆಕ್ಕ

ಹೋದ ವಾರ ‘ಮಣ್ಣಿಲ್ಲದೆ ಮನೆಯಲ್ಲೇ ಫ್ರೀ ತರಕಾರಿ’ ಅಂತ ಬರೆದಿದ್ದೆ ಅಲ್ವಾ? ಅದು ಸುಳ್ಳು, ತೆಗೆದುಹಾಕಿದ್ದೀನಿ. ಯಾಕಂದ್ರೆ ಅದನ್ನ ಓದಿ ಜೂನಿಯರ್ ಒಬ್ಬ ಸ್ಕಾಲರ್‌ಶಿಪ್ ದುಡ್ಡಲ್ಲಿ ಹೈಡ್ರೋಪೋನಿಕ್ ಕಿಟ್ ತಗೊಂಡು ಬದನೆಕಾಯಿ ಮಾರ್ತೀನಿ ಅಂತ ಮೆಸೇಜ್ ಮಾಡಿದ್ದಾನೆ.

ತಮ್ಮಾ, ಲೆಕ್ಕ ನೋಡು. ನನ್ನ ಕಿಟ್‌ಗೆ 5,400 ರೂಪಾಯಿ. ಮೂರು ವರ್ಷ ಬಾಳಿಕೆ ಬಂದ್ರೆ ತಿಂಗಳಿಗೆ 150 ಸವಕಳಿ. (ಕಾಸ್ಟಿಂಗ್ ಕ್ಲಾಸಲ್ಲಿ ನಿದ್ದೆ ಮಾಡೋ ನನ್ನ ಬೆಂಚಿನವರೂ ಓದಿ.) 24 ವ್ಯಾಟ್ ಲೈಟು ದಿನಕ್ಕೆ 16 ಗಂಟೆ ಉರಿಯುತ್ತೆ, ಅಂದ್ರೆ ತಿಂಗಳಿಗೆ ಹನ್ನೊಂದೂವರೆ ಯೂನಿಟ್. ನೀರಿಗೆ ಹಾಕೋ ಪೋಷಕಾಂಶ ಬೇರೆ. ನಾಲ್ಕು ತಿಂಗಳಲ್ಲಿ ಸವಕಳಿನೇ 600 ಆಯ್ತು. ಬಂದಿದ್ದು ಮೊಟ್ಟೆ ಗಾತ್ರದ 14 ಕಾಯಿ. ಅಮ್ಮ ಒಂದು ಹೊತ್ತಿಗೆ ಎಣ್ಣೆಗಾಯಿ ಮಾಡಿದ್ರು, ಮುಗೀತು.

ಅದೂ ಮೊದಲ ಹೂಗಳೆಲ್ಲ ಉದುರಿಹೋದ ಮೇಲೆ. ಬದನೆ ಹೂವನ್ನ ಅಲುಗಿಸಿದ್ರೇನೇ ಪರಾಗ ಚೆನ್ನಾಗಿ ಉದುರೋದು. ಹೊಲದಲ್ಲಿ ಗಾಳಿ, ದುಂಬಿ ಆ ಕೆಲಸ ಬಿಟ್ಟಿ ಮಾಡ್ತವೆ. ಇಲ್ಲಿ ನಾನೇ ದುಂಬಿ! ದಿನಾ ಬೆಳಿಗ್ಗೆ ಒಂದೊಂದು ಹೂವಿನ ತೊಟ್ಟನ್ನೂ ಬೆರಳಲ್ಲಿ ತಟ್ಟಬೇಕು. ನನಗಂತೂ ಅದೇ ಇಷ್ಟ, ಅದಕ್ಕೇ ಕಿಟ್ ಇಟ್ಕೊಂಡಿದ್ದೀನಿ.

ಉಡುಪಿಯ ಮಟ್ಟು ಗುಳ್ಳಕ್ಕೆ 2011ರಲ್ಲಿ ಜಿಐ ಟ್ಯಾಗ್ ಸಿಕ್ತು. ಅದನ್ನ ಊರಿನ ಹೆಸರು ಹೇಳಿ ಮಾರಬಹುದು. ಟ್ಯಾಂಕಿನ ಕಾಯಿಗೆ ಏನು ಹೇಳಿ ಜಾಸ್ತಿ ರೇಟ್ ಕೇಳ್ತೀಯಾ?

ಗಿಡ ಬೆಳೆಸೋ ಆಸೆ ಇದ್ರೆ ಸೋಮವಾರ ಕ್ಯಾಂಟೀನ್ ಹತ್ರ ಬಾ, ಬೀಜ ಕೊಡ್ತೀನಿ. ತಳ ತೂತಾದ ಹಳೇ ಬಕೆಟ್ಟು, ಮಣ್ಣು, ಟೆರೇಸಿನ ಬಿಸಿಲು ಸಾಕು. ಸ್ಕಾಲರ್‌ಶಿಪ್ ದುಡ್ಡು ಮುಟ್ಟಬೇಡ.